ನಾ ಸೋಲಾಪುರದಾಗ, ನನ್ನ ಕಂಪ್ಯೂಟರ್ ಕಲಬುರಗಿದಾಗ

ನಾ ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ದಾಲ್ ಮಿಲ್ಲಿನ ಅಕೌಂಟ್ಸ್ ನೋಡ್ತೀನ್ರಿ. ಇದು ಮೇ 20ನೇ ತಾರೀಕಿನ ಕತಿ. ನಮ್ಮ ಲೈನಿನವ್ರಿಗಿ 20 ಅಂದ್ರ ಏನಂತ ಹೇಳೋದೇ ಬ್ಯಾಡ, ಜಿಎಸ್‌ಟಿ 3ಬಿ (ತಿಂಗಳಿನ ಟ್ಯಾಕ್ಸ್ ಲೆಕ್ಕದ ರಿಟರ್ನ್) ಹಾಕೋ ಕಡೀ ದಿನ. ತಪ್ಪಿದ್ರ ದಿನಕ್ಕ 50 ರೂಪಾಯಿ ಲೇಟ್ ಫೀ, ಟ್ಯಾಕ್ಸಿನ ಮ್ಯಾಲ ವರ್ಷಕ್ಕ 18 ಪರ್ಸೆಂಟ್ ಬಡ್ಡಿ, ಅದನ್ನರ ಕಟ್ಟಬಹುದು, ಮರುದಿನ ಸಾವ್ಕಾರ್ರ ಮಾರಿ ನೋಡೋದು ಇರ್ತದಲ್ಲ ಅದು ದೊಡ್ಡ ತ್ರಾಸ.

ಅವತ್ತೇ ಅಪ್ಪಗ ಸೋಲಾಪುರದಾಗ ಮೋತಿಬಿಂದು (ಕಣ್ಣಿನ ಪೊರೆ) ಆಪರೇಷನ್ ಇತ್ತು. ಚಲನ್ ರೊಕ್ಕ, ಅಂದ್ರ ಟ್ಯಾಕ್ಸಿಗಿ ಕಟ್ಟೋದು, ಸಾವ್ಕಾರ್ರು ಯಾವಾಗೂ ಕಡೀ ದಿನಾನೇ ಬಿಡ್ತಾರ, ಅದಕ್ಕ ಮೊದ್ಲೇ ಫೈಲ್ ಮಾಡಿ ಹೋಗೋ ಮಾತಿಲ್ಲ. ನಮ್ದು ಪ್ರೈವೇಟ್ ಲಿಮಿಟೆಡ್ ಆಗಿದ್ದಕ್ಕ ಓಟಿಪಿ ಮ್ಯಾಲ ಆಗಂಗಿಲ್ಲ, ಡಿಎಸ್‌ಸಿನೇ ಬೇಕು, ಅಂದ್ರ ಯುಎಸ್‌ಬಿ ಟೋಕನಿನಾಗ ಇರೋ ಡಿಜಿಟಲ್ ಸಹಿ (ಕೊರೊನಾ ಟೈಮಿನಾಗ ಕಂಪನಿಗಳಿಗೂ ಓಟಿಪಿ ಬಿಟ್ಟಿದ್ರು, ಆಮ್ಯಾಲ ತಗದುಬಿಟ್ರು). ಟೋಕನ್ ಜೇಬಿನಾಗ ಹಾಕ್ಕೊಂಡು ಹೋಗ್ಬೇಕಿತ್ತು ಅಂತೀರಿ, ಅದು ಸಾವ್ಕಾರ್ರ ಸಹಿ ಇದ್ದಂಗ, ಆಫೀಸ್ ಬಿಟ್ಟು ಹೊರಗ ಬಿಡಂಗಿಲ್ಲ ಅವ್ರು. ನನ್ನ ಡ್ರಾವರಿನಾಗ ಇಟ್ರ ಮಾತ್ರ ನಡೀತದ, ಅದೂ ಸರಿ ಅಲ್ಲ ಖರೆ, ಇರ್ಲಿ.

ಆಫೀಸ್ ಕಂಪ್ಯೂಟರಿಗಿ ವಿಂಡೋಸ್ ಹೋಮ್ ಅದ, ಅದರೊಳಗ ಮೈಕ್ರೋಸಾಫ್ಟಿನ ರಿಮೋಟ್ ಡೆಸ್ಕ್‌ಟಾಪ್ ಹೊರಗಿನಿಂದ ಬಂದವ್ರನ್ನ ಒಳಗ ಬಿಡಂಗಿಲ್ಲ, ಪ್ರೋ ಬೇಕು. ಅದಕ್ಕ ಎನಿಡೆಸ್ಕ್ ಹಾಕ್ದೆ, ಒಂದು ನಂಬರು ಒಂದು ಪಾಸ್‌ವರ್ಡ್ ಹಾಕಿ ದೂರದಿಂದ ಇನ್ನೊಂದ್ ಕಂಪ್ಯೂಟರ್ ನಡಸೋ ಪ್ರೋಗ್ರಾಮ್ ಅದು. ಸಾವ್ಕಾರ್ರು ಆ ಹೆಸರು ಕೇಳಿ ಒಂದ್ ಸಲ ಗಾಬ್ರಿ ಆದ್ರು, 2019ರಾಗ ಆರ್‌ಬಿಐ ಇದರ ಹೆಸರ್ ತಗೊಂಡೇ ಬ್ಯಾಂಕಿನವ್ರಿಗಿ ಎಚ್ಚರಿಕಿ ಕೊಟ್ಟಿತ್ತು, ಅದನ್ನ ಅವ್ರು ಪೇಪರಿನಾಗ ಓದಿದ್ರು. ಫೋನ್ ಮಾಡಿ ಯಾರೋ ನಂಬರ್ ಕೇಳಿದ್ರ ಕೊಡಬಾರದ್ರಿ, ಇಲ್ಲಿ ನಂಬರೂ ನಮ್ದೇ ಪಾಸ್‌ವರ್ಡೂ ನಮ್ದೇ ಅಂತ ಅರ್ಧ ತಾಸು ಹೇಳ್ದೆ. ಆಮ್ಯಾಲ ಬಾಜೂ ರೂಮಿನಾಗ ಕುಂತು ಲ್ಯಾಪ್‌ಟಾಪಿನಿಂದ ಹಚ್ಚಿ ತೋರ್ಸಿದೆ, ಲೆಕ್ಕ ಬರಿಯೋ ಟ್ಯಾಲಿ ತೆರೀತು, ಇಬ್ರೂ ಖುಷಿ.

ತಪ್ಪಾಗಿದ್ದು ಇಲ್ಲೇ. ಆಫೀಸಿಂದೇ ವೈಫೈ, ಆಗಷ್ಟೇ ನಾ ಕೆಲ್ಸ ಮಾಡಿ ಎದ್ದಿದ್ದ ಮಶೀನು, ಹತ್ತು ಹೆಜ್ಜಿ ದೂರ. ಅದಕ್ಕ ಟೆಸ್ಟಿಂಗ್ ಅಂತಾರೇನ್ರಿ?

20ಕ್ಕ ಮುಂಜಾನಿ ದವಾಖಾನಿ ಬೆಂಚಿನ ಮ್ಯಾಲ ಕುಂತು ಫೋನಿನಾಗ ಮೇಲ್ ನೋಡ್ದೆ. ಚೀಲದ ಪಾರ್ಟಿಯವ್ರು ತಪ್ಪು ಬಿಲ್ಲಿಗಿ ಕ್ರೆಡಿಟ್ ನೋಟ್ (ಬಿಲ್ಲಿನ ರೊಕ್ಕ ಕಮ್ಮಿ ಮಾಡೋ ಕಾಗದ) ಮಾಡಿ ಕಳ್ಸಿದ್ರು, ಅದನ್ನ ನೋಡಿ ಐಟಿಸಿ (ಖರೀದಿ ಮ್ಯಾಲ ಕೊಟ್ಟ ಟ್ಯಾಕ್ಸ್, ನಾವ್ ಕಟ್ಟೋದ್ರಾಗ ಕಳಕೊಳ್ಳೋದು) ಕಮ್ಮಿ ಮಾಡ್ಬೇಕು. ಆಮ್ಯಾಲ ತೆರದ್ರಾಯ್ತು ಅಂತ ಬಿಟ್ಟೆ. ಲ್ಯಾಪ್‌ಟಾಪ್ ತಗದು ಎನಿಡೆಸ್ಕ್ ಹಚ್ಚಿದ್ರ ಆಫ್‌ಲೈನ್. ರಾತ್ರಿ ಚಾಲೂ ಬಿಟ್ಟು ಬಂದಿದ್ದು ಖರೆ, ಆದ್ರ ಅರ್ಧ ತಾಸಿಗಿ ಅದು ಸ್ಲೀಪಿಗಿ ಹೋಗಿತ್ತು, ಮಲಗಿದ ಮಶೀನಿಗಿ ಇಂಟರ್ನೆಟ್ ಎಲ್ಲಿಂದ ಬರಬೇಕು. ವಾಚ್‌ಮನ್ ಕಾಕಾಗ ಫೋನ್ ಹಚ್ಚಿದೆ.

"ಕಾಕಾ, ನನ್ನ ಟೇಬಲ್ ಮ್ಯಾಲಿನ ಕೀಬೋರ್ಡ್ ಒಂದ್ ಸಲ ಮುಟ್ರಿ."

"ಮುಟ್ಟೀನಿ ತಮ್ಮಾ, ಏನೂ ಬರವಲ್ದು."

"ಕೆಳಗ ಡಬ್ಬಿಗಿ ಗುಂಡಂದು ಬಟನ್ ಅದ, ಸಣ್ಣಂಗ ಒತ್ತಿ ಬಿಡ್ರಿ."

ಕಾಕಾ ನೀರಿನ ಮೋಟಾರ್ ಹಚ್ಚಿದಂಗ ಒತ್ತಿ ಹಿಡದ್ರು. ಮಶೀನ್ ಪೂರಾ ಬಂದ್ ಆಯ್ತು. ಮತ್ತ ಒತ್ತಿಸಿ, ಚಾಲೂ ಆಗಿ, ನಾ ಇಲ್ಲಿಂದ ಪಾಸ್‌ವರ್ಡ್ ಹಾಕಿ ಒಳಗ ಹೋದೆ. ಹೋದ ಕೂಡ್ಲೇ ಔಟ್‌ಲುಕ್ ತಾನೇ ತೆರೀತು, ಸ್ಟಾರ್ಟಪ್‌ನಾಗ ಇಟ್ಟಿದ್ದೆ. ಎರಡು ಮಿನಿಟ್ ಬಿಟ್ಟು ಫೋನ್ ನೋಡ್ತೀನಿ, ಕ್ರೆಡಿಟ್ ನೋಟಿನ ಮೇಲ್ ಮಾಯ!

ಇದರ ಕಾರಣ ತಿಳೀಲಿಕ್ಕೆ ನಂಗ ಸ್ವಲ್ಪ ಹೊತ್ತು ಹಿಡೀತು. ಆಫೀಸಿನ ಔಟ್‌ಲುಕ್ ಯಾವಾಗೋ ಯಾರೋ ಪಾಪ್ ಮ್ಯಾಲ ಸೆಟ್ ಮಾಡಿ ಹೋಗಿದ್ರು, ಸರ್ವರಿನಾಗ ಕಾಪಿ ಬಿಡು ಅನ್ನೋ ಟಿಕ್ ಇರಲಿಲ್ಲ. ಪಾಪ್ ಅಂದ್ರ ಪೋಸ್ಟ್ ಡಬ್ಬಿ ಖಾಲಿ ಮಾಡಿ ಚೀಲದಾಗ ಹಾಕ್ಕೊಂಡು ಮನಿಗಿ ಒಯ್ದಂಗ, ಮೇಲ್ ಎಲ್ಲಾ ಆ ಕಂಪ್ಯೂಟರಿನ ಪಿಎಸ್‌ಟಿ ಫೈಲಿಗಿ ಹೋಗ್ತದ, ಸರ್ವರಿನಾಗ ಉಳಿಯಂಗಿಲ್ಲ. ನನ್ನ ಫೋನಿನಾಗ ಐಮ್ಯಾಪ್, ಅದು ಸರ್ವರಿನಾಗ ಇದ್ದಷ್ಟೇ ತೋರಸ್ತದ. ಇಷ್ಟು ವರ್ಷ ಫೋನಿನಾಗ ಹಳೇ ಮೇಲ್ ಯಾಕ ಸಿಗಲ್ಲ ಅಂತ ನೆಟ್‌ವರ್ಕಿಗಿ ಬೈತಿದ್ದೆ.

ಇರ್ಲಿ, ಔಟ್‌ಲುಕ್‌ನಾಗೇ ನೋಡ್ತೀನಿ ಅಂತ ತೆರೀಬೇಕು, ಸ್ಕ್ರೀನ್ ಗಟ್ಟಿಯಾಗಿ ನಿಂತ್ಬಿಡ್ತು. ಕಾಕಾ ಫೋನು: "ಕರೆಂಟ್ ಹೋಗ್ಯದ ತಮ್ಮಾ, ಆ ಡಬ್ಬಿ ಚೀರಿ ಚೀರಿ ಬಂದ್ ಆಯ್ತು." ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ತಿಂಗಳಾಗಿತ್ತೋ. ಈಗ ಮೇಲು ಫೋನಿನಾಗೂ ಇಲ್ಲ, ಸರ್ವರಿನಾಗೂ ಇಲ್ಲ, ಕಪನೂರದಾಗ ಬಂದ್ ಆದ ಡಬ್ಬಿಯೊಳಗ ಕುಂತದ. ಅಪ್ಪ ಕಣ್ಣಿಗಿ ಪಟ್ಟಿ ಕಟ್ಟಿಸ್ಕೊಂಡು ಹೊರಗ ಬಂದ್ರು, "ಯಾಕಪ್ಪಾ, ಸುಮ್ ಕುಂತೀದಿ?" ಅಂದ್ರು, ಏನಂತ ಹೇಳ್ಲಿ.

ಕರೆಂಟ್ ಬಂದಿದ್ದು ಸಂಜಿ ಐದೂವರಿಗಿ. ಮಶೀನ್ ತಾನೇ ಏಳ್ಲಿಲ್ಲ, ಮತ್ತ ಕಾಕಾನೇ ಬೇಕಾಯ್ತು. ವಿಡಿಯೋ ಕಾಲಿನಾಗ ತೋರ್ಸಿ ಡ್ರಾವರಿನ ಟೋಕನ್ ಹಾಕಿಸ್ದೆ, 20ನೇ ತಾರೀಕಿನ ಪೋರ್ಟಲ್ ಸುತ್ತಿ ಸುತ್ತಿ ರಾತ್ರಿ ಒಂಬತ್ತರ ಹತ್ರ ಫೈಲ್ ಆಯ್ತು. ಅಷ್ಟರಾಗ ಹಾಟ್‌ಸ್ಪಾಟ್ ಕೊಟ್ಟು ಫೋನ್ ಹೆಂಚಿನಂಗ ಕಾದಿತ್ತು.

ಬಂದ ಮ್ಯಾಲ ಮಾಡಿದ್ದು ಭಾಳೇನಿಲ್ಲ. ಸ್ಲೀಪ್ 'ನೆವರ್' ಮಾಡ್ದೆ, ಮಾನಿಟರ್ ಬಂದ್ ಆದ್ರ ನಡೀತದ. ಬಯೋಸಿನಾಗ (ವಿಂಡೋಸಿಗಿಂತ ಮೊದ್ಲು ಏಳೋ ಮಶೀನಿನ ಸೆಟ್ಟಿಂಗು) ಕರೆಂಟ್ ಬಂದ ಮ್ಯಾಲ ತಾನೇ ಚಾಲೂ ಆಗೋ ಸೆಟ್ಟಿಂಗ್ ಇತ್ತು, ಹಾಕ್ದೆ. ಮೇಲ್ ಐಮ್ಯಾಪಿಗಿ ಬದಲ್ಸಿ ಹಳೇ ಪಿಎಸ್‌ಟಿದಿಂದ ಬೇಕಾದ ಫೋಲ್ಡರ್ ಎಳದು ಸರ್ವರಿಗಿ ಹಾಕ್ದೆ, ಅದಕ್ಕೊಂದು ಇಡೀ ರವಿವಾರ ಹೋಯ್ತು. ಯುಪಿಎಸ್ ಬ್ಯಾಟರಿಗಿ ಸಾವ್ಕಾರ್ರು ಎರಡ್ ಸಲ ಕೇಳಿದ ಮ್ಯಾಲ ಹೂಂ ಅಂದ್ರು.

ಕಂಪ್ಯೂಟರ್ ರಿಪೇರಿ ಹುಡುಗ ಬಂದು ವಿಂಡೋಸ್ ಪ್ರೋ ಹಾಕಿ ರೌಟರಿನಾಗ 3389 ಪೋರ್ಟ್ (ಮೈಕ್ರೋಸಾಫ್ಟಿನ ರಿಮೋಟ್ ಡೆಸ್ಕ್‌ಟಾಪ್ ಬರೋ ಬಾಗ್ಲಾ) ಬಿಚ್ಚಿಡ್ತೀನಿ, ಎಲ್ಲಿಂದಾದ್ರೂ ಬರ್ತದ ಅಂದ. ಬ್ಯಾಡ ಅಂದೆ. ಆ ಪೋರ್ಟ್ ಇಂಟರ್ನೆಟ್ಟಿಗಿ ಬಿಚ್ಚಿಟ್ರ ಪಾಸ್‌ವರ್ಡ್ ಹೊಡ್ಯೋ ಪ್ರೋಗ್ರಾಮ್‌ಗಳು ರಾತ್ರಿ ಹಗಲು ಬಾಗ್ಲಾ ಬಡೀತಿರ್ತಾವ, ಫೈಲಿಗಿ ಬೀಗ ಹಾಕಿ ರೊಕ್ಕ ಕೇಳೋ ರಾನ್ಸಮ್‌ವೇರ್ ಒಳಗ ಬರೋದು ಬಹಳ ಸಲ ಅಲ್ಲಿಂದೇ. ವಿಪಿಎನ್ (ಇಂಟರ್ನೆಟ್ಟಿನಾಗ ನಮಗಷ್ಟೇ ಇರೋ ಮುಚ್ಚಿದ ದಾರಿ) ಹಾಕಿ ಅದರೊಳಗಿಂದ ಬಂದ್ರ ಬ್ಯಾರೆ ಮಾತು. ಇನ್ನೊಂದು, ಆ ರಿಮೋಟ್ ಡೆಸ್ಕ್‌ಟಾಪಿನಾಗ ಬಂದ್ರ ಆಫೀಸಿನಾಗ ಚುಚ್ಚಿಟ್ಟ ಡಿಎಸ್‌ಸಿ ಟೋಕನ್ ಕಾಣಂಗಿಲ್ಲ, ನೀವ್ ಕುಂತ ಕಡಿದೇ ರೀಡರ್ ಹುಡುಕ್ತದ, ಎನಿಡೆಸ್ಕಿನಾಗ ಆ ತ್ರಾಸಿಲ್ಲ. ಹುಡುಗನಿಗಿ ಇದು ಗೊತ್ತೇ ಇರಲಿಲ್ಲ.

ಜೂನ್ 15ಕ್ಕ, ಐದು ದಿನ ಮೊದ್ಲೇ, ಮನ್ಯಾಗ ವೈಫೈ ಬಂದ್ ಮಾಡಿ ಮೊಬೈಲ್ ಡೇಟಾ ಮ್ಯಾಲ ಕುಂತು ಕಾಕಾಗ ಫೋನ್ ಹಚ್ಚಿದೆ. ಮೇನ್ ಸ್ವಿಚ್ ಇಳಸ್ರಿ, ಯುಪಿಎಸ್ ಬಂದ್ ಆಗೋ ತನಾ ಕಾಯ್ರಿ, ಆಮ್ಯಾಲ ಏರಸ್ರಿ, ಮತ್ತೇನೂ ಮುಟ್ಟಬ್ಯಾಡ್ರಿ ಅಂತ. ಎನಿಡೆಸ್ಕಿನಾಗ ಹಸಿರು ಬಂತು. ಅತ್ಲಾಗ ಕಾಕಾ ದನಿ ಸಣ್ಣ ಮಾಡಿ, "ನಾ ಕೈ ಹಚ್ಚಿಲ್ಲ ನೋಡು ತಮ್ಮಾ, ತಾನೇ ಎದ್ದದ" ಅಂದ್ರು.