ಕಾಕಾನ ದನಿ ಮತ್ತು ಕೆಂಪು ದೀಪ

ಬೆಳಿಗ್ಗೆ ಏಳೂವರೆಗೆ ಕಾಕಾ ಫೋನ್ ಮಾಡಿದರು. "ತಮ್ಮಾ, ಪದ ಕೇಳಿದೆ. ನನ್ನ ದನಿ ಒಡದೈತಿ ಬಿಡಪಾ. ವಯಸ್ಸಾತು. ಅದನ್ನ ಯಾರಿಗೂ ಕಳಸಬ್ಯಾಡ."

ಅಷ್ಟೇ ಹೇಳಿ ಫೋನ್ ಇಟ್ಟರು. ನನ್ನ ಎದೆ ಧಸಕ್ ಅಂದಿತು. ಹಿಂದಿನ ರಾತ್ರಿ ಒಂದು ಗಂಟೆಗೆ ಹಾಡನ್ನು ಎಂಪಿ3 ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದವನು ನಾನೇ. ಮತ್ತೆ ಹಾಕಿ ಕೇಳಿದೆ. ಒಡೆದದ್ದು ನಿಜ. ಏರುದನಿಯಲ್ಲಿ ಹಾಡುವ ಕಡೆಯೆಲ್ಲ ಕರಕರ ಅನ್ನುತ್ತಿತ್ತು. ಆದರೆ ಅದು ಕಾಕಾನ ಗಂಟಲಲ್ಲ. ಎಲ್ಲರ ಸದ್ದು ಕೂಡಿಸಿ ನಾನು ಮಾಡಿದ ಮಿಕ್ಸ್.

ಕಾಕಾನಿಗೆ 71 ವರ್ಷ. ತಿಕೋಟಾ ಕಡೆಯ ನಮ್ಮ ಹಳ್ಳಿಯಲ್ಲಿ ಪ್ರತಿ ಸೋಮವಾರ ಬಸವಣ್ಣನ ಗುಡಿಯಲ್ಲಿ ಅವರ ಭಜನೆ ಇರುತ್ತದೆ. ಕಳೆದ ಭಾನುವಾರ ಅವರ ಮ್ಯಾಳದವರೆಲ್ಲ ವಿಜಯಪುರಕ್ಕೆ, ನಮ್ಮ ಮನೆಗೆ ಬಂದಿದ್ದರು. ಮೇಲಿನ ಕೋಣೆಯ ಗೋಡೆಗೆ ಅವ್ವನ ಎರಡು ಕೌದಿ ಕಟ್ಟಿ, ಫ್ಯಾನ್ ಬಂದ್ ಮಾಡಿ ರೆಕಾರ್ಡ್ ಮಾಡಿದ್ದೆ. ಕಾಕಾನಿಗೊಂದು ಮೈಕ್, ಪೇಟಿಗೊಂದು (ಹಾರ್ಮೋನಿಯಂ), ತಬಲಾ-ದಗ್ಗಾಕ್ಕೊಂದು, ತಾಳ ಹಾಕಿ ಹಿಂದೆ ಹಾಡುವ ಇಬ್ಬರಿಗೊಂದು. ಒಬ್ಬೊಬ್ಬರನ್ನೇ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಹಾಡಿಸಬಹುದಿತ್ತು. ಆದರೆ ಭಜನೆ ಹಾಗೆ ಆಗುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಹಾಡಬೇಕು.

ಕೆಳಗೆ ಹೋಗಿ ಚಹಾ ಕೂಡ ಕುಡಿಯದೆ ಲ್ಯಾಪ್‌ಟಾಪ್ ತೆಗೆದೆ. ರೆಕಾರ್ಡ್ ಮಾಡುವಾಗಲೇ ಒಡೆದಿದ್ದರೆ ಮುಗಿಯಿತು, ಅದನ್ನು ಸರಿಮಾಡುವ ದಾರಿಯೇ ಇಲ್ಲ. ಕಾಕಾನ ಟ್ರ್ಯಾಕ್, ಅಂದರೆ ಅವರ ಮೈಕ್‌ನದಷ್ಟೇ ರೆಕಾರ್ಡಿಂಗ್, ಹಿಗ್ಗಿಸಿ ನೋಡಿದೆ. ಅಲೆಗಳ ತುದಿ ಎಲ್ಲ ದುಂಡಗೆ, ಪೂರ್ತಿ ಇದ್ದವು. ಜಾಸ್ತಿ ಅಂದರೆ ಮೈನಸ್ 12 ಡಿಬಿ ಮುಟ್ಟಿದ್ದವು, ಅಷ್ಟೇ. ಡಿಬಿ ಅಂದರೆ ಡೆಸಿಬೆಲ್, ಸದ್ದಿನ ಅಳತೆ; ಇಲ್ಲಿ ಸೊನ್ನೆಯೇ ಮೇಲಿನ ಮಿತಿ. 24 ಬಿಟ್‌ನಲ್ಲಿ, ಅಂದರೆ ತುಂಬ ಸೂಕ್ಷ್ಮ ಅಳತೆಯಲ್ಲಿ, ರೆಕಾರ್ಡ್ ಮಾಡುವಾಗ ಇಷ್ಟು ತಗ್ಗಿಸಿದರೂ ಸದ್ದು ಕೆಡುವುದಿಲ್ಲ. ಉಸಿರು ಬಿಟ್ಟೆ. ಆಮೇಲೆ ರಾತ್ರಿ ಮಾಡಿದ ಫೈಲ್ ತೆಗೆದೆ. ಅಲ್ಲಿ ತುದಿಗಳೇ ಇರಲಿಲ್ಲ. ಕುಡುಗೋಲಿನಿಂದ ಸವರಿದ ಹುಲ್ಲಿನ ಹಾಗೆ ಎಲ್ಲವೂ ಒಂದೇ ಮಟ್ಟಕ್ಕೆ ಕತ್ತರಿಸಿದ್ದವು.

ಮಾಸ್ಟರ್ ಬಸ್ ಅಂದರೆ ಎಲ್ಲ ಟ್ರ್ಯಾಕ್‌ಗಳು ಬಂದು ಕೂಡುವ ಜಾಗ. ಹಳ್ಳಗಳೆಲ್ಲ ನಮ್ಮ ಡೋಣಿ ಹೊಳೆಗೆ ಸೇರಿದ ಹಾಗೆ. ಒಂದೊಂದು ಹಳ್ಳ ನೋಡಿದರೆ ಸಣ್ಣದು, ಆದರೆ ಡೋಣಿ ದಂಡೆ ಮೀರಿ ಹೊಲಕ್ಕೆ ನುಗ್ಗುತ್ತದೆ. ರಾತ್ರಿ ನಾನು ಮಾಡಿದ್ದೂ ಅದೇ. ಪೇಟಿ ಕೇಳುತ್ತಿಲ್ಲ ಅಂತ ಪೇಟಿ ಏರಿಸಿದೆ. ಆಗ ಕಾಕಾನ ದನಿ ಹಿಂದಾಯಿತು, ಅದನ್ನೂ ಏರಿಸಿದೆ. ಆಮೇಲೆ ದಗ್ಗಾ. ಒಂದೊಂದು ಟ್ರ್ಯಾಕ್‌ನ ಮೀಟರೂ ಹಸಿರಾಗೇ ಇತ್ತು. ಮಾಸ್ಟರ್‌ನ ಕೆಂಪು ದೀಪ ಹತ್ತಿದ್ದನ್ನು ನಾನು ನೋಡಲೇ ಇಲ್ಲ. ಸೊನ್ನೆ ಡಿಬಿಗಿಂತ 4 ಡಿಬಿ ಮೇಲೆ ಹೋಗಿತ್ತು. ನನ್ನ ಸಾಫ್ಟ್‌ವೇರ್ ಒಳಗೊಳಗೆ 32 ಬಿಟ್ ಫ್ಲೋಟ್‌ನಲ್ಲಿ ಲೆಕ್ಕ ಮಾಡುವುದರಿಂದ ಸೊನ್ನೆ ದಾಟಿದರೂ ಒಳಗೆ ಏನೂ ಕಳೆದುಹೋಗುವುದಿಲ್ಲ. ಆದರೆ ಎಂಪಿ3ಗೆ ಮೊದಲು 16 ಬಿಟ್ ಫೈಲ್ ಮಾಡಿದ ಕೂಡಲೇ ಸೊನ್ನೆಯ ಮೇಲಿದ್ದದ್ದೆಲ್ಲ ಕತ್ತರಿಸಿ ಹೋಗುತ್ತದೆ.

ಮೊದಲು ಸುಲಭದ ದಾರಿ ಹಿಡಿದೆ. ಮಾಸ್ಟರ್‌ನ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿ, 5 ಡಿಬಿ ಇಳಿಸಿದೆ. ಕರಕರ ನಿಂತಿತು. ಆದರೂ ಹಾಡು ಸರಿ ಅನ್ನಿಸಲಿಲ್ಲ. ತಾಳ ಬಡಿದಾಗಲೆಲ್ಲ ಕಾಕಾನ ದನಿ ಒಂದು ಕ್ಷಣ ಮುಳುಗಿ ಏಳುತ್ತಿತ್ತು. ಕಾರಣ ಹೊಳೆಯಲು ಹೊತ್ತು ಹಿಡಿಯಿತು. ಮಾಸ್ಟರ್ ಮೇಲೆ, ಜೋರಾದ ಸದ್ದನ್ನು ಅದುಮುವ ಒಂದು ಕಂಪ್ರೆಸರ್ ಹಾಕಿದ್ದೆ. ನನ್ನ ಸಾಫ್ಟ್‌ವೇರ್‌ನಲ್ಲಿ ಅದು ಫೇಡರ್‌ಗಿಂತ ಮೊದಲು ಬರುತ್ತದೆ. ಫೇಡರ್ ಎಷ್ಟೇ ಇಳಿಸಿದರೂ ಕಂಪ್ರೆಸರ್‌ಗೆ ಹೋಗುವ ಸದ್ದು ಅಷ್ಟೇ ಜೋರು. ತಾಳದ ಒಂದೊಂದು ಪೆಟ್ಟಿಗೂ ಅದು ಇಡೀ ಹಾಡನ್ನು ಅದುಮುತ್ತಿತ್ತು.

ಎಲ್ಲ ಫೇಡರ್ ಕೆಳಗೆ ಎಳೆದು ಮೊದಲಿನಿಂದ ಶುರು ಮಾಡಿದೆ. ಕಂಪ್ರೆಸರ್ ತೆಗೆದೆ. ಕಾಕಾನ ದನಿ ಒಂದನ್ನೇ ಏರಿಸಿ, ಮಾಸ್ಟರ್ ಮೀಟರ್ ಮೈನಸ್ 10ರ ಆಸುಪಾಸು ನಿಲ್ಲಿಸಿದೆ. ಇನ್ನು ಅದನ್ನು ಮುಟ್ಟಬಾರದು ಅಂತ ಗಟ್ಟಿ ಮಾಡಿಕೊಂಡೆ. ಏನು ಬಂದರೂ ಅದರ ಕೆಳಗೇ ಬರಬೇಕು. ತತ್ವಪದದಲ್ಲಿ ಮಾತು ಕೇಳಿಸದಿದ್ದರೆ ಉಳಿದದ್ದು ಎಷ್ಟು ಚೆಂದ ಇದ್ದು ಏನು ಬಂತು?

ಅವರ ಮೈಕ್‌ನಲ್ಲಿ ಧಬ್ ಧಬ್ ಅಂತ ಕಿವಿಗೆ ಸರಿಯಾಗಿ ಕೇಳದ ಒಂದು ಸದ್ದಿತ್ತು. ಕಾಕಾ ತೊಡೆ ತಟ್ಟುತ್ತಾ ಹಾಡುವವರು. 80 ಹರ್ಟ್ಸ್ ಕೆಳಗಿನದನ್ನು ಫಿಲ್ಟರ್ ಹಾಕಿ ತೆಗೆದೆ. ದನಿ ಒಂಚೂರೂ ಬದಲಾಗಲಿಲ್ಲ, ಮೀಟರ್ ಮಾತ್ರ 2 ಡಿಬಿ ಇಳಿಯಿತು. ಕಿವಿಗೆ ಸಿಗದ ಸದ್ದೂ ಮಾಸ್ಟರ್‌ನಲ್ಲಿ ಜಾಗ ತಿನ್ನುತ್ತದೆ.

ಪೇಟಿ ತಂದೆ, ದಗ್ಗಾ ತಂದೆ. ತಾಳದ ಸರದಿ ಬಂದಾಗ ಒಂದು ವಿಷಯ ಗೊತ್ತಾಯಿತು. ತಾಳದ ಮೈಕ್ ಇನ್ನೂ ಪೂರ್ತಿ ಬಂದ್ ಇತ್ತು, ಆದರೂ ತಾಳ ಚೆನ್ನಾಗೇ ಕೇಳುತ್ತಿತ್ತು! ಸಣ್ಣ ಕೋಣೆ, ಐದು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಆ ಕಂಚಿನ ಸದ್ದು ನಾಲ್ಕೂ ಮೈಕ್‌ಗೆ ಹೋಗಿ ಕೂತಿತ್ತು. ಬೇರೆ ಬೇರೆ ಎರಡು ಸದ್ದು ಒಂದೇ ಮಟ್ಟದಲ್ಲಿ ಕೂಡಿದರೆ ಸುಮಾರು 3 ಡಿಬಿ ಏರುತ್ತದೆ. ಅದೇ ಸದ್ದು ಎರಡು ಕಡೆಯಿಂದ ಒಟ್ಟಿಗೇ ಬಂದು ಕೂಡಿದರೆ 6 ಡಿಬಿವರೆಗೂ ಏರಬಹುದು. ಪೇಟಿ ಏರಿಸಿದಾಗಲೂ, ದಗ್ಗಾ ಏರಿಸಿದಾಗಲೂ ಗೊತ್ತಿಲ್ಲದೆ ತಾಳವನ್ನೇ ಏರಿಸುತ್ತಾ ಹೋಗಿದ್ದೆ. ಕೆಂಪು ದೀಪ ಹಚ್ಚಿದ್ದು ಅದೇ. ಹಿಂದಿನ ದನಿಗಳು ಬೇಕು ಅನ್ನುವುದಕ್ಕಷ್ಟೇ ಆ ಮೈಕ್ ಒಂಚೂರು ತೆಗೆದು ಬಿಟ್ಟೆ.

ಎಲ್ಲ ಸೇರಿ ಜಾಸ್ತಿ ಅಂದರೆ ಮೈನಸ್ 6. ಕೇಳಲು ಸ್ವಲ್ಪ ಮೆಲ್ಲಗಿತ್ತು, ಆದರೆ ಒಳಗೆ ಗಾಳಿ ಆಡುತ್ತಿತ್ತು. ಕೊನೆಗೆ ಸದ್ದು ಏರಿಸಿ, ತುದಿಗಳು ಮಿತಿ ದಾಟದಂತೆ ತಡೆಯುವ ಒಂದು ಲಿಮಿಟರ್ ಹಾಕಿ ಮೈನಸ್ 1ಕ್ಕೆ ಕಟ್ಟಿದೆ. ಸೊನ್ನೆಯವರೆಗೂ ತುಂಬಬಾರದು, ಎಂಪಿ3 ಮಾಡುವಾಗ ತುದಿಗಳು ಇನ್ನೂ ಒಂದಿಷ್ಟು ಏಳುತ್ತವೆ.

ಕಳಿಸಲು ಮನಸ್ಸಾಗಲಿಲ್ಲ. ಮಧ್ಯಾಹ್ನದ ಬಸ್ ಹತ್ತಿ ಊರಿಗೇ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಹೆಡ್‌ಫೋನ್ ಅವರ ರುಮಾಲಿನ ಮೇಲೆ ಕೂರಲಿಲ್ಲ, ರುಮಾಲು ತೆಗೆದು ತೊಡೆ ಮೇಲೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ಎರಡನೇ ನುಡಿಗೆ ತೊಡೆಯ ಮೇಲೆ ಕೈ ಬಡಿಯತೊಡಗಿತು.

ನಾನು ತಪ್ಪೊಪ್ಪಿಕೊಂಡೆ. "ಕಾಕಾ, ದನಿ ಒಡದಿರಲಿಲ್ಲ. ನಾನ ಎಲ್ಲಾ ಜಾಸ್ತಿ ಏರಿಸಿದ್ದೆ."

ಅವರು ಕೈ ಎತ್ತಿ ಸುಮ್ಮನಿರು ಅಂದರು. ಪೂರ್ತಿ ಕೇಳಿದರು. ಹೆಡ್‌ಫೋನ್ ತೆಗೆದು, ರುಮಾಲು ಮತ್ತೆ ಸುತ್ತಿಕೊಳ್ಳುತ್ತಾ ಹೇಳಿದರು, "ಮೂರನೇ ನುಡಿಯಾಗ ತಾಳ ಜಾರೇತಲ್ಲೋ ತಮ್ಮಾ. ಆವತ್ತ ನನಗ ತಿಳೀಲೇ ಇಲ್ಲ. ಬರೋ ಭಾನುವಾರ ಕೌದಿ ಕಟ್ಟಿಡು, ಮತ್ತೊಮ್ಮೆ ಹಾಡೂಣು."