ಅವಾರ್ಡ್ ಪುಸ್ತಕ ಯಾವ ರ‍್ಯಾಕಿನಲ್ಲಿದೆ ಮೇಡಂ?

ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ಸುದ್ದಿ ಪೇಪರಿನಲ್ಲಿ ಬಂತೆಂದರೆ ನಮ್ಮ ಕಾಲೇಜು ಲೈಬ್ರರಿಗೆ ಹುಡುಗರು ಬಂದು, "ಮೇಡಂ, ಅವಾರ್ಡ್ ಬಂದಿರೋ ಕಾದಂಬರಿ ಕೊಡಿ" ಅನ್ನುತ್ತಾರೆ. ಪ್ರಶಸ್ತಿ ಅಂದರೆ ಕಾದಂಬರಿಗೇ ಅಂತ ಅವರ ಲೆಕ್ಕ. ಆದರೆ 2017ರಿಂದ 2024ರವರೆಗೆ ಕನ್ನಡದ ಪಟ್ಟಿಯಲ್ಲಿ ಒಂದೂ ಕಾದಂಬರಿ ಇಲ್ಲ! ವಿಮರ್ಶೆ, ಪ್ರಬಂಧಗಳೇ ಜಾಸ್ತಿ. ನಡುವೆ 2019ರಲ್ಲಿ ವಿಜಯಾ ಅವರ ಆತ್ಮಕಥೆ 'ಕುದಿ ಎಸರು', 2021ರಲ್ಲಿ ಡಿ.ಎಸ್. ನಾಗಭೂಷಣ ಅವರ 'ಗಾಂಧಿ ಕಥನ'.

ಹಳೆಯ ಪಟ್ಟಿ ಇನ್ನೂ ಮಜಾ. ಅಷ್ಟೊಂದು ಕಾದಂಬರಿ ಬರೆದ ಶಿವರಾಮ ಕಾರಂತರಿಗೆ 1959ರಲ್ಲಿ ಪ್ರಶಸ್ತಿ ಬಂದಿದ್ದು 'ಯಕ್ಷಗಾನ ಬಯಲಾಟ'ಕ್ಕೆ. ನಾಟಕಕಾರ ಶ್ರೀರಂಗರಿಗೆ 1971ರಲ್ಲಿ ಬಂದಿದ್ದು ನಾಟಕಕ್ಕಲ್ಲ, ಕಾಳಿದಾಸನ ಮೇಲೆ ಬರೆದ ಪುಸ್ತಕಕ್ಕೆ. 'ಕೊರವಂಜಿ' ಹಾಸ್ಯಪತ್ರಿಕೆಯ ರಾ.ಶಿ. ನಾಡನ್ನೇ ನಗಿಸಿದವರು, ವೃತ್ತಿಯಲ್ಲಿ ಡಾಕ್ಟರು. ಅವರ ಮನಶ್ಶಾಸ್ತ್ರದ ಪುಸ್ತಕ 'ಮನಮಂಥನ'ಕ್ಕೆ 1976ರಲ್ಲಿ ಕೊಟ್ಟರು. 1980ರಲ್ಲಿ ಗೊರೂರರ ಪ್ರವಾಸಕಥನ.

ನನಗೆ ತುಂಬ ಇಷ್ಟವಾದದ್ದು 1978ರ 'ಹಸುರು ಹೊನ್ನು'. ಬಿ.ಜಿ.ಎಲ್. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡು ಸುತ್ತಿದ ಕಥೆ ಅದು. ಗಿಡದ ವಿವರ ಓದುತ್ತಾ ಓದುತ್ತಾ ಪಕ್ಕದಲ್ಲೇ ಹುಡುಗರ ಕೀಟಲೆ, ಮೇಷ್ಟ್ರ ಕೊಂಕು ಮಾತು, ಅವರೇ ಬರೆದ ಚಿತ್ರಗಳು. ಪಾಠ ಎಲ್ಲಿ ಮುಗಿಯಿತು, ಹರಟೆ ಎಲ್ಲಿ ಶುರುವಾಯಿತು, ಗೊತ್ತೇ ಆಗುವುದಿಲ್ಲ. ಇವರ ತಂದೆ ಡಿವಿಜಿ ಅವರಿಗೆ ಹನ್ನೊಂದು ವರ್ಷ ಮೊದಲೇ, 1967ರಲ್ಲಿ, ಇದೇ ಪ್ರಶಸ್ತಿ ಬಂದಿತ್ತು, ಭಗವದ್ಗೀತೆಯ ತಾತ್ಪರ್ಯಕ್ಕೆ. ಅಪ್ಪನಿಗೆ ಗೀತೆ, ಮಗನಿಗೆ ಗಿಡಮರ!

ಲೈಬ್ರರಿಗಳಲ್ಲಿ ವಿಷಯಕ್ಕೊಂದು ನಂಬರ್ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಸಸ್ಯಗಳಿಗೆ 580, ಕನ್ನಡ ಸಾಹಿತ್ಯಕ್ಕೆ 894.814. ನಮ್ಮಲ್ಲಿ 'ಹಸುರು ಹೊನ್ನು' ಸಾಹಿತ್ಯದ ಕಡೆ ಇದೆ. ಬಾಟನಿ ಮಕ್ಕಳು ಆ ಕಡೆ ತಲೆ ಹಾಕುವುದೇ ಇಲ್ಲ. ಅದಕ್ಕೇ ಇನ್ನೊಂದು ಪ್ರತಿ ತರಿಸಿ 580ರಲ್ಲಿ ಇಟ್ಟೆ. ನಿಯಮದ ಪ್ರಕಾರ ತಪ್ಪು ಅಂತ ಸಹೋದ್ಯೋಗಿಯೊಬ್ಬರು ಗೊಣಗಿದರು. ಗೊಣಗಲಿ ಬಿಡಿ, ಆ ಪ್ರತಿ ಈಗ ರ‍್ಯಾಕಿನಲ್ಲಿ ನಿಲ್ಲುವುದೇ ಅಪರೂಪ.

ಒಂದು ತಕರಾರು ಮಾತ್ರ ಇದೆ. ಅನುವಾದಕ್ಕೆ, ಮಕ್ಕಳ ಸಾಹಿತ್ಯಕ್ಕೆ ಅಕಾಡೆಮಿ ಬೇರೆ ಬೇರೆ ಪುರಸ್ಕಾರ ಮಾಡಿತು. ಒಳ್ಳೆಯದೇ. ಆದರೆ ಮಕ್ಕಳಿಗೆ ಬರೆದವರನ್ನು ಇನ್ನು ದೊಡ್ಡ ಪಟ್ಟಿಗೆ ಸೇರಿಸುತ್ತಾರೆ ಅಂತ ನನಗಂತೂ ಅನ್ನಿಸುವುದಿಲ್ಲ. ವಿಜ್ಞಾನ ಬರೆಯುವವರಿಗೆ ಇಂಥ ಬೇರೆ ಪುರಸ್ಕಾರವೂ ಇಲ್ಲ. ಸ್ವಾಮಿಯವರ ಥರ ಬರೆಯುವ ಮೇಷ್ಟ್ರುಗಳು ನಮ್ಮ ಕಾಲೇಜುಗಳಲ್ಲಿ ಈಗಲೂ ಇರಬಹುದು, ಅಲ್ವಾ? ಅವರ ಹಸ್ತಪ್ರತಿ ಕೈಗೆ ಬಂದರೆ ಪ್ರಕಾಶಕರು ಮೊದಲು ಕೇಳುವುದೇ, "ಇದು ಸಾಹಿತ್ಯಾನಾ, ಟೆಕ್ಸ್ಟ್ ಬುಕ್ಕಾ?"