ಚೆಲ್ಲೋಗೆ ಎಂಡ್‌ಪಿನ್ ತಗೊಳ್ಳೋ ಮುಂಚೆ ನಿಮ್ಮನೆ ನೆಲ ನೋಡಿ

ಎಂಡ್‌ಪಿನ್ ಅಂದ್ರೆ ಚೆಲ್ಲೋ ಅನ್ನೋ ದೊಡ್ಡ ಪಿಟೀಲಿನಂಥ ವಾದ್ಯವನ್ನ ನೆಲಕ್ಕೆ ಊರಿ ನಿಲ್ಸೋಕೆ ಅದರ ತಳದಲ್ಲಿರೋ ರಾಡು. ಅದು ಯಾವ್ದು ತಗೊಳ್ಳಲಿ ಅಂತ ಕೇಳೋರೆಲ್ಲ ಶುರು ಮಾಡೋದೇ ಸ್ಟೀಲಾ, ಕಾರ್ಬನ್ನಾ, ಟೈಟೇನಿಯಮ್ಮಾ ಅಂತ. ನಾನು ತಿರುಗಿ ಕೇಳೋದು ಒಂದೇ, ನಿಮ್ಮನೆ ನೆಲ ಎಂಥದ್ದು ಮಾರಾಯ್ರೇ? ಮುಂಬೈ ಹತ್ತಿರದ ಡೊಂಬಿವ್ಲಿಲಿ ನಮ್ಮ ಫ್ಲ್ಯಾಟ್ ಪೂರ್ತಿ ವಿಟ್ರಿಫೈಡ್ ಟೈಲ್ಸು, ಅದರ ಮೇಲೆ ಎಷ್ಟೇ ದುಬಾರಿ ಪಿನ್ನು ಇಟ್ರೂ ಎಲ್ಲಕ್ಕಿಂತ ದಪ್ಪದ ಸಿ ತಂತಿ ಮೇಲೆ ಸ್ವಲ್ಪ ಒತ್ತಿ ಬೋ, ಅಂದ್ರೆ ನುಡಿಸೋ ಕಮಾನು, ಎಳೆದ್ರೆ ಸಾಕು, ಚೆಲ್ಲೋ ಸುಯ್ಯಂತ ಮುಂದೆ ಹೊರಟುಬಿಡುತ್ತೆ. ಅದನ್ನ ಮಂಡಿಯಲ್ಲೇ ಹಿಡಿದು ನಿಲ್ಸೋಕೆ ಹೋದ್ರೆ ತೊಡೆ ಬಿಗಿಯಾಗುತ್ತೆ, ಆಮೇಲೆ ಭುಜ, ಆಮೇಲೆ ಬೋ ಹಿಡಿದ ಕೈ, ದನಿ ಹಿಸುಕಿದ ಹಾಗೆ ಬರುತ್ತೆ, ಬೈಯೋದು ಮಾತ್ರ ಪಾಪ ಆ ರಾಡನ್ನ.

ಮೊದಲೆಲ್ಲ ಈ ರಾಡೇ ಇರ್ಲಿಲ್ಲ, ಎರಡು ಮೀನಖಂಡದ ಮಧ್ಯೆ ಚೆಲ್ಲೋ ಸಿಕ್ಕಿಸ್ಕೊಂಡು ನುಡಿಸ್ತಿದ್ರು, ಬರೋಕ್ ಅನ್ನೋ ಹಳೇ ಯುರೋಪಿಯನ್ ಸಂಗೀತ ನುಡಿಸೋರಲ್ಲಿ ಬಹಳ ಜನ ಈಗ್ಲೂ ಹಾಗೇ ಕೂರ್ತಾರೆ. 19ನೇ ಶತಮಾನದ ಮಧ್ಯದಲ್ಲಿ ಬೆಲ್ಜಿಯಂನ ಚೆಲ್ಲೋ ವಾದಕ ಸರ್ವೇ (1807–1866) ಇದನ್ನ ರೂಢಿಗೆ ತಂದ ಅಂತಾರೆ. ಆಮೇಲೆ ಫ್ರಾನ್ಸಿನ ಪಾಲ್ ಟೋರ್ಟೆಲಿಯೆ ಬಾಗಿದ ಪಿನ್ನು ಹಾಕ್ಕೊಂಡು ಚೆಲ್ಲೋನ ಇನ್ನೂ ಮಲಗಿಸಿದ ಹಾಗೆ ಹಿಡಿದ, ರಷ್ಯಾದ ಚೆಲ್ಲೋ ವಾದಕ ರೊಸ್ಟ್ರೊಪೊವಿಚ್ ಕೂಡ ಅದನ್ನೇ ಬಳಸಿದ. ಚೆಂದ ಇರುತ್ತೆ ನೋಡೋಕೆ, ಆದ್ರೆ ಪಿನ್ನು ನೆಲಕ್ಕೆ ಯಾವ ಕೋನದಲ್ಲಿ ತಾಗುತ್ತೆ ಅನ್ನೋದೂ ಬದಲಾಗುತ್ತೆ, ಹೊಸದಾಗಿ ಕಲಿಯೋರಿಗೆ ಅದು ಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ನಿಜವಾಗಿ ಅಳೀಬೇಕಾದ್ದು ದಪ್ಪ ಮತ್ತೆ ಉದ್ದ. ಸಾಮಾನ್ಯವಾಗಿ ಸಿಗೋದು 8 ಮಿಮೀ, 10 ಮಿಮೀ, ಯಾವ್ದು ಹೋಗುತ್ತೆ ಅನ್ನೋದನ್ನ ಚೆಲ್ಲೋ ತಳದ ಮರದ ಪ್ಲಗ್ಗಿನ ತೂತು ಹೇಳುತ್ತೆ, ನಿಮ್ಮ ಆಸೆ ಅಲ್ಲ, ಹಾಗಾಗಿ ಆನ್‌ಲೈನ್ ಆರ್ಡರ್ ಹಾಕೋ ಮುಂಚೆ ಹಳೇ ರಾಡನ್ನ ಹೊರಗೆ ತೆಗೆದು ಹಾರ್ಡ್‌ವೇರ್ ಅಂಗಡಿ ವರ್ನಿಯರ್‌ನಲ್ಲಿ ಅಳೆಸಿ. ಉದ್ದ 50 ಸೆಂಟಿಮೀಟರ್ ಆಸುಪಾಸು ಇದ್ರೆ ಬಹಳ ಜನಕ್ಕೆ ಸಾಕು, ಎತ್ತರದವರಿಗೆ ಇನ್ನಷ್ಟು ಬೇಕಾಗಬಹುದು. 8ರ ರಾಡನ್ನ ಪೂರ್ತಿ ಹೊರಗೆ ಎಳೆದ್ರೆ ಜೋರಾಗಿ ನುಡಿಸುವಾಗ ಬಳುಕೋದು ಕೈಗೇ ಗೊತ್ತಾಗುತ್ತೆ, 10ರದ್ದು ಅಷ್ಟು ಬಳುಕಲ್ಲ.

ರಾಡು ಯಾವುದರಿಂದ ಮಾಡಿದ್ದು ಅನ್ನೋ ವಿಷಯಕ್ಕೆ ಬಂದ್ರೆ, 10 ಮಿಮೀ ದಪ್ಪ, 50 ಸೆಂಟಿಮೀಟರ್ ಉದ್ದದ ಗಟ್ಟಿ ಸ್ಟೀಲ್ ರಾಡು ಹತ್ತಿರ ಹತ್ತಿರ 300 ಗ್ರಾಂ ತೂಗುತ್ತೆ, ಅಷ್ಟೇ ಟೈಟೇನಿಯಂ 175ರ ಆಸುಪಾಸು, ಕಾರ್ಬನ್ ಫೈಬರ್ 60ರ ಸುತ್ತ. ಲೋಕಲ್ ಟ್ರೈನಿನ ಲಗೇಜ್ ಡಬ್ಬಿಯಲ್ಲಿ ಕೇಸು ಹೊತ್ಕೊಂಡು ಮೀನಿನ ಬುಟ್ಟಿಗಳ ಮಧ್ಯೆ ನಿಲ್ಲೋನಿಗೆ ಈ ಕಾಲು ಕೇಜಿ ವ್ಯತ್ಯಾಸ ಲೆಕ್ಕಕ್ಕೇ ಬರಲ್ಲ, ಕೇಸಿನ ಭಾರವೇ ಬೇಕಾದಷ್ಟಿರುತ್ತೆ. ದನಿ ಬದಲಾಗುತ್ತಾ ಅಂದ್ರೆ ಹೂಂ, ಸ್ವಲ್ಪ ಬದಲಾಗುತ್ತೆ, ಆದ್ರೆ ಕುರ್ಚಿ ಕೆಳಗಿನ ಜಮಖಾನ ತೆಗೆದ್ರೆ ನನಗೆ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಕೇಳಿಸುತ್ತೆ. ಆ ದುಡ್ಡಲ್ಲಿ ಒಳ್ಳೇ ತಂತಿ ಹಾಕ್ಸಿ.

ಕಾರ್ಬನ್‌ಗೆ ನಾನು ಓಟು ಹಾಕೋದು ಬೇರೆ ಕಾರಣಕ್ಕೆ, ಮಳೆಗಾಲಕ್ಕೆ. ಜೂನಿಂದ ಸೆಪ್ಟೆಂಬರ್‌ವರೆಗೆ ಈ ಊರಲ್ಲಿ ಒಣಗೋದು ಅಂತ ಏನೂ ಇಲ್ಲ, ಮೇಲಿನ ಪಾಲಿಶ್ ಎದ್ದುಹೋದ ಕಡೆ ಸ್ಟೀಲ್ ರಾಡಿಗೆ ಕಂದು ಚುಕ್ಕಿ ಬರುತ್ತೆ, ಅದೇ ಒರಟಾಗಿ ಕೊನೆಗೆ ಪ್ಲಗ್ಗಿನೊಳಗೆ ರಾಡು ಸಿಕ್ಕಿಹಾಕ್ಕೊಳ್ಳುತ್ತೆ. ಕಾರ್ಬನ್‌ಗೆ ತುಕ್ಕು ಇಲ್ಲ, ಆದ್ರೆ ತುದಿಯ ಮೊನೆ ಸ್ಟೀಲಿನದ್ದಿದ್ರೆ ಅದಕ್ಕೆ ಬರುತ್ತೆ, ಒರೆಸಿಡ್ಬೇಕು. ರಾಡನ್ನ ಹಿಡಿದಿಡೋ ಸ್ಕ್ರೂನ ಸಿಕ್ಕಾಪಟ್ಟೆ ತಿರುವಿದ್ರೆ ರಾಡಿನ ಮೇಲೆ ಗುರುತು ಬೀಳುತ್ತೆ, ಸಡಿಲ ಬಿಟ್ರೆ ಅರ್ಧ ಹಾಡಿಗೆ ಚೆಲ್ಲೋ ನಿಧಾನಕ್ಕೆ ಕುಸಿಯುತ್ತೆ.

ಇನ್ನು ತುದಿ. ರಬ್ಬರ್ ಟೋಪಿ ಹೊಸದಿದ್ದಾಗ ಟೈಲ್ಸ್ ಮೇಲೆ ಪರವಾಗಿಲ್ಲ, ಧೂಳು ಕೂತ್ರೆ ಜಾರುತ್ತೆ, ಹಳೇದಾದ್ರೆ ಗಟ್ಟಿಯಾಗುತ್ತೆ, ಒಳಗಿನ ಮೊನೆ ಒಂದಿನ ಅದನ್ನ ತೂತು ಮಾಡ್ಕೊಂಡು ಹೊರಗೆ ಇಣುಕುತ್ತೆ. ನನ್ನದು ಅಪ್ಪನ ಹಳೇ ಚರ್ಮದ ಬೆಲ್ಟು. ಬಕಲ್ ಕಡೆ ಕುಣಿಕೆ ಮಾಡಿ ಕುರ್ಚಿ ಮುಂಗಾಲಿಗೆ ಹಾಕೋದು, ಇನ್ನೊಂದು ಕಡೆಯ ತೂತುಗಳಲ್ಲಿ ಬೇಕಾದ ದೂರದ್ದು ನೋಡಿ ಮೊನೆ ಕೂರಿಸೋದು, ಎಳೆತ ಕುರ್ಚಿ ಮೇಲೆ ಹೋಗುತ್ತೆ, ಕುರ್ಚಿ ಮೇಲೆ ನಾವೇ ಕೂತಿರ್ತೀವಲ್ಲ, ಎಲ್ಲಿಗೆ ಹೋಗುತ್ತೆ! ಪ್ಲಾಸ್ಟಿಕ್ ಕುರ್ಚಿಗೆ ಮಾತ್ರ ಬೇಡ, ಅದರ ಕಾಲು ಅಗಲ ಆಗುತ್ತೆ. ಮಾಟುಂಗಾ ಕಡೆ ಒಂದು ಕಾರ್ಯಕ್ರಮದಲ್ಲಿ ಸ್ಟೇಜ್ ನೋಡ್ಕೊಳ್ಳೋ ಅಣ್ಣ ನನ್ನ ಮೊನೆ ನೋಡಿ "ಏನ್ರೀ ಇದು, ಹಲಗೆಗೆ ತೂತು ಹೊಡೀತೀರಾ?" ಅಂತ ಬಂದೇಬಿಟ್ಟ, ಬೆಲ್ಟು ತೋರಿಸಿದ್ಮೇಲೆ ಸುಮ್ಮನಾದ.

ಗರ್ ಅಂತ ಸದ್ದು ಬಂದ್ರೆ ಹೊಸ ಪಿನ್ನು ತರೋಕೆ ಓಡ್ಬೇಡಿ. ರಾಡನ್ನ ಸ್ವಲ್ಪ ಒಳಗೆ ತಳ್ಳಿ ಅದೇ ಸ್ವರ ನುಡಿಸಿ, ಸದ್ದು ಬದಲಾದ್ರೆ ತಪ್ಪು ಬಹುಶಃ ಅಲ್ಲೇ ಇದೆ, ಹಾಗೇ ಇದ್ರೆ ಬೇರೆ ಕಡೆ ಹುಡುಕಿ. ರಾಡು ಬದಲಾಯಿಸೋದು ನೀವೇ ಮಾಡ್ಬಹುದು, ಬರೀ ಸ್ಕ್ರೂ ಕೆಲ್ಸ. ಪ್ಲಗ್ಗನ್ನೇ ಬದಲಾಯಿಸ್ಬೇಕು ಅಂತಾದ್ರೆ ಮನೇಲಿ ಕೈ ಹಾಕ್ಬೇಡಿ, ತಂತಿಗಳ ಕೆಳತುದಿ ಸಿಕ್ಕಿಸೋ ಟೇಲ್‌ಪೀಸನ್ನ ಹಿಡಿದಿರೋ ದಾರ ಅದಕ್ಕೇ ಸುತ್ತಿರುತ್ತೆ, ತಂತಿಗಳನ್ನೆಲ್ಲ ಸಡಿಲ ಬಿಡ್ಬೇಕಾಗುತ್ತೆ, ತಂತಿಗಳನ್ನ ಎತ್ತಿ ಹಿಡಿದಿರೋ ಬ್ರಿಜ್ ಬೀಳುತ್ತೆ, ಒಳಗೆ ನಿಲ್ಸಿರೋ ಸೌಂಡ್‌ಪೋಸ್ಟ್ ಅನ್ನೋ ಸಣ್ಣ ಮರದ ಕಡ್ಡಿ ಕೂಡ ಬೀಳಬಹುದು, ಅದನ್ನ ಎಫ್ ಆಕಾರದ ತೂತಿನಿಂದ ಮತ್ತೆ ನಿಲ್ಸೋದು ಪಿಟೀಲು ರಿಪೇರಿ ಮಾಡೋರ ಕೆಲ್ಸ, ನಮ್ಮ ನಿಮ್ಮದಲ್ಲ.